ಷೇಕ್ಸ್‌ಪಿಯರ್ ಮೇಲಿನ ಪ್ರೀತಿ ಸಾಲದು: ರಿನೈಸಾನ್ಸ್ ಅನುವಾದವನ್ನು ವೃತ್ತಿಯಾಗಿಸಿಕೊಳ್ಳುವವರಿಗೆ

ಪ್ರಶ್ನೆ: ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ನಾಲ್ಕು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ. ವಯಸ್ಸು ಇಪ್ಪತ್ತೊಂಬತ್ತು. ರಿನೈಸಾನ್ಸ್ (ಯುರೋಪಿನ ಪುನರುಜ್ಜೀವನ) ಕಾಲದ ಸಾಹಿತ್ಯ, ಅದರಲ್ಲೂ ಆ ಕಾಲದ ಅನುವಾದಗಳ ಬಗ್ಗೆ ಬ್ರಿಟನ್ ಅಥವಾ ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ, ಅಧ್ಯಾಪನ ಮತ್ತು ಸಂಶೋಧನೆಯಲ್ಲೇ ನೆಲೆಯಾಗಬೇಕೆಂಬ ಆಸೆ ಇದೆ. ಇಂಗ್ಲಿಷ್ ಬಿಟ್ಟರೆ ಯುರೋಪಿನ ಬೇರೆ ಯಾವ ಭಾಷೆಯೂ ಬರುವುದಿಲ್ಲ. ಲ್ಯಾಟಿನ್ ಕಲಿಯಲೇಬೇಕೇ? ಅನುವಾದವನ್ನು ವಿಷಯವಾಗಿ ಆರಿಸಿಕೊಂಡರೆ ಕೆಲಸ ಸಿಗುತ್ತದೆಯೇ? ಈ ವಯಸ್ಸಿಗೆ ತಡವಾಯಿತೇ?

ಉತ್ತರ: ವಯಸ್ಸಿನ ಚಿಂತೆಯನ್ನು ಮೊದಲು ಬದಿಗಿಡೋಣ. ಇಪ್ಪತ್ತೊಂಬತ್ತು ಈ ಕ್ಷೇತ್ರಕ್ಕೆ ತಡವೇನಲ್ಲ. ಅಮೆರಿಕದ ಪಿಎಚ್.ಡಿ. ತರಗತಿಗಳಲ್ಲಿ ಮೂವತ್ತು ದಾಟಿ ಬಂದವರು ಬೇಕಾದಷ್ಟು ಜನ ಸಿಗುತ್ತಾರೆ; ಕೆಲವು ವರ್ಷ ಪಾಠ ಮಾಡಿ ಬಂದವರ ಅರ್ಜಿಗೆ ಒಂದು ತೂಕವೂ ಇರುತ್ತದೆ. ಕಳೆದ ವರ್ಷಗಳನ್ನು ಬಿಟ್ಟು ಮುಂದಿನ ವರ್ಷಗಳ ಲೆಕ್ಕ ಹಾಕಿ. ಭಾಷೆ ಕಲಿಯಲು ಒಂದೆರಡು ವರ್ಷ, ಪಿಎಚ್.ಡಿ.ಗೆ ದೇಶವನ್ನು ನೋಡಿಕೊಂಡು ಮೂರರಿಂದ ಏಳು, ಆಮೇಲೆ ಹಂಗಾಮಿ ಹುದ್ದೆಗಳಲ್ಲಿ ಇನ್ನೊಂದಷ್ಟು. ಈ ಮೊತ್ತ ಕಂಡು ಎದೆ ಝಲ್ಲೆನ್ನದಿದ್ದರೆ ಮುಂದಕ್ಕೆ ಓದಿ.

ಭಾಷೆಯ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳಬೇಕು. ಇಂಗ್ಲಿಷ್ ಒಂದನ್ನೇ ನೆಚ್ಚಿಕೊಂಡು ರಿನೈಸಾನ್ಸ್ ಅನುವಾದದ ಮೇಲೆ ಸಂಶೋಧನೆ ಮಾಡಲು ಆಗುವುದಿಲ್ಲ. ಪ್ರವೇಶ ಸಮಿತಿಯವರು ಕೇಳುತ್ತಾರೆ ಎಂಬುದು ಸಣ್ಣ ಕಾರಣ. ಭಾಷೆ ಬಾರದಿದ್ದರೆ ಕಣ್ಣೆದುರಿಗೆ ಇರುವುದೇ ಕಾಣುವುದಿಲ್ಲ ಎಂಬುದು ದೊಡ್ಡ ಕಾರಣ. ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ.

ಷೇಕ್ಸ್‌ಪಿಯರನ 'ಆಂಟನಿ ಅಂಡ್ ಕ್ಲಿಯೋಪಾತ್ರ' ನಾಟಕದಲ್ಲಿ ಆಂಟನಿಯ ಸಹಚರ ಎನೋಬಾರ್ಬಸ್ ರಾಣಿಯ ದೋಣಿಯನ್ನು ವರ್ಣಿಸುವ ಭಾಗವನ್ನು ನೀವು ತರಗತಿಯಲ್ಲಿ ಪಾಠ ಮಾಡಿರಬಹುದು: ಚಿನ್ನದ ಹಿಂಬದಿ, ನೇರಳೆ ಬಣ್ಣದ ಹಾಯಿ, ಕೊಳಲಿನ ಲಯಕ್ಕೆ ನೀರಿಗೆ ಬೀಳುವ ಬೆಳ್ಳಿಯ ಹುಟ್ಟುಗಳು. ಇದು ಥಾಮಸ್ ನಾರ್ತ್ 1579ರಲ್ಲಿ ಪ್ರಕಟಿಸಿದ, ಪ್ರಾಚೀನ ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕನ ಇಂಗ್ಲಿಷ್ ಅನುವಾದದಿಂದ ಬಂದದ್ದು ಎಂದು ಪಠ್ಯದ ಅಡಿಟಿಪ್ಪಣಿಯೇ ಹೇಳುತ್ತದೆ. ನಾರ್ತ್‌ನನ್ನು ತೆರೆದರೆ ಅಲ್ಲಿ ಕೊಳಲಿನ ಜೊತೆಗೆ ಓಬೋ ಜಾತಿಯ ಊದುವಾದ್ಯ, ಸಿಟರ್ನ್, ವಯೋಲ್ ಎಂಬ ತಂತಿವಾದ್ಯಗಳು, ಇನ್ನೂ ಅಂಥವೇ ಬೇರೆ ವಾದ್ಯಗಳು ಎಂದು ಒಂದು ಮೇಳವೇ ಇದೆ. ಇಂಗ್ಲಿಷ್ ಮಾತ್ರ ಬಲ್ಲ ವಿದ್ಯಾರ್ಥಿ ಇಲ್ಲಿ ನಿಂತು, 'ನಾರ್ತ್ ತನ್ನ ಕಾಲದ ಇಂಗ್ಲೆಂಡಿನ ವಾದ್ಯಗಳನ್ನೆಲ್ಲ ಕ್ಲಿಯೋಪಾತ್ರಳ ದೋಣಿಗೆ ತುಂಬಿಸಿದ' ಎಂದು ಬರೆಯುತ್ತಾನೆ. ಓದಲು ಸೊಗಸಾಗಿರುತ್ತದೆ, ಆದರೆ ತಪ್ಪು. ನಾರ್ತ್ ಗ್ರೀಕ್ ಭಾಷೆಯಿಂದ ಅನುವಾದಿಸಲೇ ಇಲ್ಲ. ಪ್ಲೂಟಾರ್ಕನನ್ನು ಗ್ರೀಕ್‌ನಿಂದ ಫ್ರೆಂಚ್‌ಗೆ ತಂದವನು ಜಾಕ್ ಆಮಿಯೋ, ಅವನ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ತಂದವನು ತಾನು ಎಂದು ನಾರ್ತ್‌ನ ಶೀರ್ಷಿಕೆ ಪುಟವೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. 1559ರ ಆಮಿಯೋ ಅನುವಾದದಲ್ಲಿ ಆ ವಾದ್ಯಗಳು ಅದೇ ಕ್ರಮದಲ್ಲಿ ಕುಳಿತಿವೆ. ಇನ್ನೂ ಹಿಂದಕ್ಕೆ, ಗ್ರೀಕ್ ಮೂಲಕ್ಕೆ ಹೋದರೆ ಔಲೋಸ್, ಸಿರಿಂಕ್ಸ್, ಕಿಥಾರ ಎಂಬ ಮೂರೇ ವಾದ್ಯ.

ಅಂದರೆ ಹದಿನಾರನೆಯ ಶತಮಾನದ ವಯೋಲ್ ದೋಣಿ ಹತ್ತಿದ್ದು ಫ್ರಾನ್ಸಿನಲ್ಲಿ. ನಾರ್ತ್ ಅದನ್ನು ಹಾಗೆಯೇ ದಾಟಿಸಿದ. ಷೇಕ್ಸ್‌ಪಿಯರ್ ಮೇಳವನ್ನೆಲ್ಲ ಇಳಿಸಿ ಕೊಳಲನ್ನಷ್ಟೇ ಉಳಿಸಿಕೊಂಡ. ಆಮೇಲೆ ಹುಟ್ಟಿನ ಪೆಟ್ಟಿಗೆ ನೀರೇ ಮೋಹಗೊಂಡು ಬೆನ್ನು ಹತ್ತಿ ಬರುವಂತೆ ಮಾಡಿದ. ಆ ಮೋಹ ಹಿಂದಿನ ಮೂವರಲ್ಲಿ ಯಾರಲ್ಲೂ ಇಲ್ಲ. ಯಾರು ಏನನ್ನು ಸೇರಿಸಿದರು, ಯಾರು ಏನನ್ನು ಬಿಟ್ಟರು ಎಂದು ಧೈರ್ಯವಾಗಿ ಹೇಳಬೇಕಾದರೆ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ನಮ್ಮ ಕಸುಬಿನ ಮುಕ್ಕಾಲು ಪಾಲು ಇದೇ. ಇದು ಬೇಸರ ಎನಿಸಿದರೆ ಈಗಲೇ ಬೇರೆ ವಿಷಯ ನೋಡಿಕೊಳ್ಳುವುದು ಒಳ್ಳೆಯದು. ಇದರಲ್ಲಿ ಖುಷಿ ಸಿಕ್ಕಿದರೆ ನೀವು ಸರಿಯಾದ ಕಡೆಗೇ ಬಂದಿದ್ದೀರಿ.

ಹಾಗಾದರೆ ಯಾವ ಭಾಷೆ? ಲ್ಯಾಟಿನ್ ಕಲಿಯಬೇಕು, ಆದರೆ ಎರಡನೆಯದಾಗಿ ಕಲಿಯಿರಿ ಎಂಬುದು ನನ್ನ ಸಲಹೆ. ಲ್ಯಾಟಿನ್ ಮೊದಲು ಎನ್ನುವ ಸಹೋದ್ಯೋಗಿಗಳು ನನಗೆ ಬಹಳ ಮಂದಿ ಇದ್ದಾರೆ, ಅವರ ವಾದದಲ್ಲೂ ಹುರುಳಿದೆ. ಆದರೆ ವಯಸ್ಕರಾದ ಮೇಲೆ ಒಬ್ಬರೇ ಕುಳಿತು ಲ್ಯಾಟಿನ್ ವ್ಯಾಕರಣದಿಂದ ಆರಂಭಿಸಿದವರಲ್ಲಿ ಹಲವರು ಅರ್ಧ ದಾರಿಯಲ್ಲಿ ಪುಸ್ತಕ ಮಡಚಿಡುವುದನ್ನು ನೋಡಿದ್ದೇನೆ. ಫ್ರೆಂಚ್ ಅಥವಾ ಇಟಾಲಿಯನ್ ಹಿಡಿದರೆ ದಿನಕ್ಕೆ ಒಂದು ಗಂಟೆಯಂತೆ ವರ್ಷವೊಂದರಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಗದ್ಯ ಓದುವ ಮಟ್ಟಕ್ಕೆ ಬರಬಹುದು. ಮಾತನಾಡಲು ಬರಬೇಕಿಲ್ಲ, ಓದಿ ತಿಳಿದರೆ ಸಾಕು. ಲ್ಯಾಟಿನ್‌ನಿಂದ ಹುಟ್ಟಿದ ಇಂಥ ಒಬ್ಬ ಮಗಳ ಪರಿಚಯವಾದ ಮೇಲೆ ತಾಯಿಯ ಮುಖ ಅಷ್ಟು ಅಪರಿಚಿತ ಎನಿಸುವುದಿಲ್ಲ. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ಪ್ರಶ್ನೆ ನಿರ್ಧರಿಸಲಿ. ಪ್ಲೂಟಾರ್ಕ್, ಪ್ರಬಂಧಕಾರ ಮೋಂಟೇನ್ ಎಂದರೆ ಫ್ರೆಂಚ್. ಪೆಟ್ರಾರ್ಕ್, ಅರಿಯೋಸ್ಟೋ, ಕಾಸ್ತಿಲ್ಯೋನೆ ಎಂದರೆ ಇಟಾಲಿಯನ್. ಶೌರ್ಯದ ಕಥನಗಳತ್ತ ಮನಸ್ಸಿದ್ದರೆ ಸ್ಪ್ಯಾನಿಷ್.

ಕೊನೆಗೆ ಲ್ಯಾಟಿನ್‌ನಿಂದ ಮಾತ್ರ ತಪ್ಪಿಸಿಕೊಳ್ಳಲಾಗದು. ಆ ಕಾಲದ ವಿದ್ಯಾವಂತರು ಶಾಲೆಯಲ್ಲಿ ಓದಿದ್ದೂ, ದೇಶಾಂತರದ ಗೆಳೆಯರಿಗೆ ಪತ್ರ ಬರೆದದ್ದೂ ಲ್ಯಾಟಿನ್‌ನಲ್ಲಿ. ಇಂಗ್ಲಿಷ್ ಸಾಹಿತ್ಯದ ಚರಿತ್ರೆಗಳಲ್ಲಿ ಠೀವಿಯಿಂದ ಕೂರುವ ಥಾಮಸ್ ಮೋರ್‌ನ 'ಯುಟೋಪಿಯ' 1516ರಲ್ಲಿ ಇಂದಿನ ಬೆಲ್ಜಿಯಂನ ಲೂವಾನಿನಲ್ಲಿ ಅಚ್ಚಾದ ಲ್ಯಾಟಿನ್ ಪುಸ್ತಕ. ರಾಲ್ಫ್ ರಾಬಿನ್ಸನ್ ಅದನ್ನು ಇಂಗ್ಲಿಷಿಗೆ ತಂದದ್ದು 1551ರಲ್ಲಿ, ಮೋರ್‌ನ ತಲೆದಂಡವಾಗಿ ಹದಿನಾರು ವರ್ಷ ಕಳೆದ ಮೇಲೆ. ಹೋಮರನನ್ನು ಗ್ರೀಕ್‌ನಿಂದಲೇ ತಂದೆನೆಂದು ಹೆಮ್ಮೆಪಡುತ್ತಿದ್ದ ಜಾರ್ಜ್ ಚಾಪ್‌ಮನ್ ಕೂಡ ಇಟ್ಟುಕೊಂಡಿದ್ದದ್ದು ಗ್ರೀಕ್ ಮೂಲದ ಜೊತೆಗೆ ಲ್ಯಾಟಿನ್ ಅನುವಾದವೂ ಟೀಕೆಯೂ ಅಚ್ಚಾಗಿದ್ದ ಸ್ಪಾಂಡಾನಸ್‌ನ ಆವೃತ್ತಿಯನ್ನು. ಚಾಪ್‌ಮನ್ ಎಲ್ಲಿ ಹೋಮರನನ್ನು ಕೇಳಿಸಿಕೊಂಡ, ಎಲ್ಲಿ ಪಕ್ಕದ ಲ್ಯಾಟಿನ್ ಕಡೆಗೆ ಕಣ್ಣು ಹಾಯಿಸಿದ ಎಂಬುದು ಬಹಳ ರಸವತ್ತಾದ ಪ್ರಶ್ನೆ.

ಭಾಷೆ ಕಲಿಯುವಾಗಲೇ ಒಂದು ಅಭ್ಯಾಸ ಮಾಡಿಕೊಳ್ಳಿ. ಅರ್ಥ ನೋಡಲು ಇಂದಿನ ನಿಘಂಟಿನ ಜೊತೆಗೆ ಅಂದಿನ ನಿಘಂಟನ್ನೂ ತೆರೆಯಿರಿ. ಫ್ರೆಂಚ್‌ಗೆ ರ‍್ಯಾಂಡಲ್ ಕಾಟ್‌ಗ್ರೇವ್ 1611ರಲ್ಲಿ ಪ್ರಕಟಿಸಿದ ಫ್ರೆಂಚ್-ಇಂಗ್ಲಿಷ್ ನಿಘಂಟಿದೆ. ಇಟಾಲಿಯನ್‌ಗೆ ಜಾನ್ ಫ್ಲೋರಿಯೋ 1598ರಲ್ಲಿ ತಂದು, 1611ರಲ್ಲಿ ಹಿಗ್ಗಿಸಿದ ನಿಘಂಟಿದೆ. ಈ ಫ್ಲೋರಿಯೋನೇ 1603ರಲ್ಲಿ ಮೋಂಟೇನ್‌ನನ್ನು ಇಂಗ್ಲಿಷಿಗೆ ತಂದವನು. ಒಂದು ಫ್ರೆಂಚ್ ಪದಕ್ಕೆ ಕಾಟ್‌ಗ್ರೇವ್ ಒಂದರ ಬೆನ್ನಿಗೊಂದು ಏಳೆಂಟು ಇಂಗ್ಲಿಷ್ ಪದಗಳನ್ನು ಪೋಣಿಸುತ್ತಾನೆ. ಅದನ್ನು ನೋಡಿದ ಮೇಲೆ ಆ ಕಾಲದ ಅನುವಾದಕರು ಒಂದು ಪದಕ್ಕೆ ಎರಡು ಪದ ಹಾಕುವ ಚಟವನ್ನು ಯಾರೂ ಸುಮ್ಮನೆ 'ವಾಚಾಳಿತನ' ಎಂದು ತಳ್ಳಿಹಾಕುವುದಿಲ್ಲ.

ಅನುವಾದ ಎಂಬುದು ರಿನೈಸಾನ್ಸ್ ಅಧ್ಯಯನದ ಹಿತ್ತಿಲ ಕೋಣೆ ಎಂಬ ಭಾವನೆ ನಿಮ್ಮ ಅಧ್ಯಾಪಕರಲ್ಲಿ ಕೆಲವರಿಗೆ ಇನ್ನೂ ಇರಬಹುದು. ಅದಕ್ಕೆ ನೀವು ಸಿದ್ಧ ಉತ್ತರ ಇಟ್ಟುಕೊಂಡಿರಬೇಕು. ಇಂಗ್ಲಿಷ್ ಭಾಷೆಯಲ್ಲಿ ಅಚ್ಚಾದ ಮೊದಲ ಪುಸ್ತಕವೇ ಅನುವಾದ: ವಿಲಿಯಂ ಕ್ಯಾಕ್ಸ್‌ಟನ್ 1473-74ರ ಸುಮಾರಿಗೆ ಫ್ರೆಂಚ್‌ನಿಂದ ತಾನೇ ಅನುವಾದಿಸಿ ಅಚ್ಚು ಹಾಕಿದ ಟ್ರಾಯ್ ನಗರದ ಕಥೆಗಳು. ಅಲ್ಲಿಂದ 1640ರವರೆಗೆ ಬ್ರಿಟನ್ನಿನಲ್ಲಿ ಅಚ್ಚಾದ ಅನುವಾದಗಳನ್ನು ವಾರಿಕ್ ವಿಶ್ವವಿದ್ಯಾಲಯದ 'ರಿನೈಸಾನ್ಸ್ ಕಲ್ಚರಲ್ ಕ್ರಾಸ್‌ರೋಡ್ಸ್' ಯೋಜನೆ ಪಟ್ಟಿ ಮಾಡಿದೆ. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಅನುವಾದಕ್ಕಾಗಿ ಪ್ರಾಣ ತೆತ್ತವರೂ ಇದ್ದಾರೆ. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್‌ನನ್ನು 1536ರಲ್ಲಿ ಬ್ರಸೆಲ್ಸ್ ಬಳಿ ಕತ್ತು ಹಿಸುಕಿ ಸುಟ್ಟರು. 1540ರಲ್ಲಿ ಒಳ್ಳೆಯ ಅನುವಾದದ ನಿಯಮಗಳನ್ನು ಬರೆದ ಎತಿಯೆನ್ ದೊಲೆಯನ್ನು 1546ರಲ್ಲಿ ಪ್ಯಾರಿಸ್ಸಿನ ಮೋಬೇರ್ ಚೌಕದಲ್ಲಿ ಸುಟ್ಟರು. ಅವನ ಮೇಲಿದ್ದ ಆರೋಪಗಳಲ್ಲಿ ಒಂದು, ಪ್ಲೇಟೋನದೆಂದು ಆಗ ನಂಬಿದ್ದ ಸಂವಾದವೊಂದನ್ನು ಅನುವಾದಿಸುವಾಗ, ಸತ್ತ ಮೇಲೆ ಮನುಷ್ಯ ಏನೂ ಆಗಿ ಉಳಿಯುವುದಿಲ್ಲ ಎಂಬ ಅರ್ಥ ಬರುವಂತೆ ಮೂರು ಪದ ಹೆಚ್ಚಿಗೆ ಸೇರಿಸಿದ್ದು. ಇಂಥ ಕಾಲದಲ್ಲಿ ಅನುವಾದ ಹಿತ್ತಿಲಿನ ವ್ಯವಹಾರವಾಗಿರಲು ಸಾಧ್ಯವೇ?

ಇನ್ನು ವಿಷಯದ ಆಯ್ಕೆ. 'ಷೇಕ್ಸ್‌ಪಿಯರ್ ನಾಟಕಗಳಲ್ಲಿ ಅಧಿಕಾರ', 'ರಿನೈಸಾನ್ಸ್ ಕಾವ್ಯದಲ್ಲಿ ಪ್ರೇಮ' ಎಂಬಂಥ ಪ್ರಸ್ತಾವಗಳು ಪ್ರವೇಶ ಸಮಿತಿಯ ಮೇಜಿನ ಮೇಲೆ ರಾಶಿ ಬೀಳುತ್ತವೆ. ಓದುವವರಿಗೆ ನಿಮಗೆ ಸಾಹಿತ್ಯದ ಮೇಲೆ ಪ್ರೀತಿಯಿದೆ ಎಂದು ತಿಳಿಯುತ್ತದೆ, ಅದರಾಚೆಗೆ ಏನೂ ತಿಳಿಯುವುದಿಲ್ಲ. ಅನುವಾದದ ವಿಷಯ ಆರಿಸಿಕೊಂಡವರಿಗೆ ಇರುವ ದೊಡ್ಡ ಅನುಕೂಲವೆಂದರೆ ಇಲ್ಲಿ ಕೈಯಾಡದ ನೆಲ ಇನ್ನೂ ಬಹಳಷ್ಟಿದೆ. ಎಫ್. ಓ. ಮ್ಯಾಥಿಸನ್ 1931ರಲ್ಲಿ ಎಲಿಜಬೆತ್ ಕಾಲದ ಅನುವಾದವನ್ನು ಒಂದು ಕಲೆಯಾಗಿ ಪರಿಶೀಲಿಸುವ ಪುಸ್ತಕ ಬರೆದಾಗ ಹೋಬಿ, ನಾರ್ತ್, ಫ್ಲೋರಿಯೋ, ಫಿಲೆಮನ್ ಹಾಲೆಂಡ್ ಎಂಬ ನಾಲ್ವರು ಅನುವಾದಕರನ್ನು ಎತ್ತಿಕೊಂಡರು. ಬಹಳ ಕಾಲ ಚರ್ಚೆ ಆ ನಾಲ್ವರ ಸುತ್ತಲೇ ಗಿರಕಿ ಹೊಡೆಯಿತು. ಆರು ಸಾವಿರದ ಪಟ್ಟಿಯನ್ನು ಒಮ್ಮೆ ಸುಮ್ಮನೆ ಕಣ್ಣಾಡಿಸಿ ನೋಡಿ: ವೈದ್ಯದ ಕೈಪಿಡಿಗಳು, ಸುದ್ದಿಯ ಕರಪತ್ರಗಳು, ಪ್ರವಾಸ ಕಥನಗಳು, ಪ್ರಾರ್ಥನಾ ಪುಸ್ತಕಗಳು. ಇವುಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಇಂದಿಗೂ ಟಿಪ್ಪಣಿಸಹಿತವಾದ ಆಧುನಿಕ ಆವೃತ್ತಿ ಇಲ್ಲ.

ಮಹಿಳಾ ಅನುವಾದಕರ ವಿಷಯ ಕಳೆದ ಕೆಲವು ದಶಕಗಳಲ್ಲಿ ಚೆನ್ನಾಗಿ ಬೆಳೆದಿದೆ. ಬಹಳ ಜನ ಕೆಲಸ ಮಾಡುತ್ತಿದ್ದರೂ ಹೊಸಬರಿಗೆ ಜಾಗವಿದೆ. 1564ರಲ್ಲಿ ಇಂಗ್ಲೆಂಡಿನ ಚರ್ಚನ್ನು ಸಮರ್ಥಿಸುವ ಲ್ಯಾಟಿನ್ ಗ್ರಂಥವನ್ನು ಅನುವಾದಿಸಿದ ಆ್ಯನ್ ಕುಕ್ ಬೇಕನ್, 1592ರಲ್ಲಿ ಫ್ರೆಂಚ್‌ನಿಂದ ಆಂಟನಿಯ ನಾಟಕವನ್ನು ತಂದ ಮೇರಿ ಸಿಡ್ನಿ ಇವರ ಹೆಸರು ನೀವು ಕೇಳಿರುತ್ತೀರಿ. ನನಗೆ ಇವರೆಲ್ಲರಿಗಿಂತ ಮಾರ್ಗರೆಟ್ ಟೈಲರ್ ಇಷ್ಟ. 1578ರಲ್ಲಿ ಸ್ಪ್ಯಾನಿಷ್‌ನಿಂದ ಒಂದು ಶೌರ್ಯ ಕಥನವನ್ನು ತಂದ ಈಕೆ ಮುನ್ನುಡಿಯಲ್ಲಿ ನೇರವಾಗಿ ವಾದಕ್ಕಿಳಿಯುತ್ತಾಳೆ: ಗಂಡಸರು ತಮ್ಮ ಪುಸ್ತಕಗಳನ್ನು ಹೆಂಗಸರಿಗೆ ಅರ್ಪಿಸಬಹುದಾದರೆ ಹೆಂಗಸರು ಅವನ್ನು ಓದಬಹುದು, ಓದಬಹುದಾದರೆ ಬರೆಯಲೂಬಹುದು. ಕಾಲು ಶತಮಾನದ ನಂತರ ಫ್ಲೋರಿಯೋ ತನ್ನ ಮೋಂಟೇನ್ ಅನುವಾದದ ಅರ್ಪಣೆಯಲ್ಲಿ, ಅನುವಾದಗಳೆಲ್ಲ ಹೆಣ್ಣು ಎಂದೇ ಜನರ ಎಣಿಕೆ ಎನ್ನುತ್ತಾನೆ. ಈ ಎರಡು ಮುನ್ನುಡಿಗಳನ್ನು ಒಟ್ಟಿಗೆ ಓದುವುದರಿಂದಲೇ ಒಂದು ಒಳ್ಳೆಯ ಲೇಖನ ಹುಟ್ಟಬಹುದು. ಒಂದು ಎಚ್ಚರಿಕೆ: ಆ ಕಾಲದ ಅನುವಾದಕರು ಮುನ್ನುಡಿಯಲ್ಲಿ ತೋರಿಸುವ ವಿನಯವನ್ನು ಹಾಗೆಯೇ ನಂಬಬೇಡಿ. 'ಗೆಳೆಯರ ಒತ್ತಾಯಕ್ಕೆ ಅಚ್ಚಿಗೆ ಕೊಟ್ಟೆ, ನನ್ನದು ಒರಟು ಭಾಷೆ' ಎಂಬುದು ಅಂದಿನ ಶಿಷ್ಟಾಚಾರ. ಸಂಶೋಧನಾ ಪ್ರಬಂಧಗಳಲ್ಲಿ ಅದನ್ನು ಆತ್ಮಕಥೆಯೆಂಬಂತೆ ಓದುವವರು ಇನ್ನೂ ಇದ್ದಾರೆ.

ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂಬ ಚಿಂತೆ ಹಿಂದಿನಷ್ಟು ಇಲ್ಲ. 'ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್' ಸಂಗ್ರಹದಿಂದ ಕೈಯಾರೆ ಟೈಪ್ ಮಾಡಿದ ಸುಮಾರು 25,000 ಪುಸ್ತಕಗಳ ಪಠ್ಯ 2015ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಫ್ರೆಂಚ್ ಪುಸ್ತಕಗಳಿಗೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ 'ಗಾಲಿಕ' ಇದೆ. ಆದರೆ ಹುಡುಕುವಾಗ ಕಾಗುಣಿತದ ಕಾಟ ತಪ್ಪಿದ್ದಲ್ಲ. ಅಂದು 'ಯು' ಮತ್ತು 'ವಿ' ಬೇರೆ ಬೇರೆ ಅಕ್ಷರಗಳೇ ಅಲ್ಲ, ಉದ್ದನೆಯ 'ಎಸ್' ನೋಡಲು 'ಎಫ್'ನಂತಿರುತ್ತದೆ, ಒಂದೇ ಪದ ಒಂದೇ ಪುಟದಲ್ಲಿ ಎರಡು ವೇಷದಲ್ಲಿ ಬರುತ್ತದೆ. ಇಂದಿನ ಕಾಗುಣಿತದಲ್ಲಿ ಹುಡುಕಿ 'ಸಿಗಲಿಲ್ಲ' ಎಂದು ತೀರ್ಮಾನಿಸುವುದು ಹೊಸಬರ ಸಾಮಾನ್ಯ ಎಡವಟ್ಟು. ಹಸ್ತಪ್ರತಿ ಓದಬೇಕಾದರೆ 'ಸೆಕ್ರೆಟರಿ ಹ್ಯಾಂಡ್' ಎಂಬ ಅಂದಿನ ಕೈಬರಹವನ್ನು ಕಲಿಯಬೇಕು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಅದಕ್ಕೆ ಉಚಿತ ಆನ್‌ಲೈನ್ ಪಾಠ ಕೊಡುತ್ತದೆ. ಅಚ್ಚುಕೂಟದ ವ್ಯವಹಾರವನ್ನೂ ತಿಳಿದುಕೊಳ್ಳಿ. ನಾರ್ತ್‌ನ 1579ರ ಆವೃತ್ತಿಯನ್ನು ಅಚ್ಚು ಹಾಕಿದವನು ಧಾರ್ಮಿಕ ಹಿಂಸೆಯ ಕಾಲದಲ್ಲಿ ಫ್ರಾನ್ಸ್ ಬಿಟ್ಟು ಲಂಡನ್ನಿಗೆ ಬಂದ ಪ್ರಾಟೆಸ್ಟೆಂಟ್ ಥಾಮಸ್ ವೊತ್ರೋಲಿಯೇ. ಅವನ ಅಂಗಡಿಯಲ್ಲಿ ಕೆಲಸ ಕಲಿತ ರಿಚರ್ಡ್ ಫೀಲ್ಡ್ 1595ರ ಆವೃತ್ತಿಯನ್ನು ಅಚ್ಚು ಹಾಕಿದ. ಈ ಫೀಲ್ಡ್ ಸ್ಟ್ರಾಟ್‌ಫರ್ಡ್ ಊರಿನವನು. ತನ್ನ ಊರಿನ ಷೇಕ್ಸ್‌ಪಿಯರನ ಮೊದಲ ಕಾವ್ಯವನ್ನು 1593ರಲ್ಲಿ ಅಚ್ಚಿಗೆ ತಂದವನೂ ಅವನೇ. ಅನುವಾದದ ಚರಿತ್ರೆ ಎಂದರೆ ಅರ್ಧ ಪಾಲು ಇಂಥ ವಲಸಿಗರ, ಶಿಷ್ಯರ, ನೆರೆಹೊರೆಯವರ ಚರಿತ್ರೆ.

ಬ್ರಿಟನ್ನೋ ಅಮೆರಿಕವೋ? ನಿಮ್ಮ ಸ್ಥಿತಿಯಲ್ಲಿ ನಾನು ಅಮೆರಿಕದ ಕಡೆಗೆ ವಾಲುತ್ತೇನೆ. ಅಲ್ಲಿ ಐದರಿಂದ ಏಳು ವರ್ಷ ಬೇಕು ನಿಜ, ಆದರೆ ಮೊದಲ ಎರಡು ವರ್ಷ ತರಗತಿಗಳಿರುತ್ತವೆ, ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದಲ್ಲೇ ಲ್ಯಾಟಿನ್ ಕಲಿಯಬಹುದು. ಭಾಷಾ ಪರೀಕ್ಷೆ, ಸಮಗ್ರ ಪರೀಕ್ಷೆ ಮುಗಿಸಿದ ಮೇಲೆ ಪ್ರಬಂಧ. ಒಳ್ಳೆಯ ಕಡೆಗಳಲ್ಲಿ ಬೋಧನಾ ಶುಲ್ಕ ಮನ್ನಾ ಆಗಿ, ಪಾಠ ಮಾಡುವುದಕ್ಕೆ ಪ್ರತಿಯಾಗಿ ಶಿಷ್ಯವೇತನವೂ ಸಿಗುತ್ತದೆ. ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷ, ಮೊದಲ ದಿನದಿಂದಲೇ ಪ್ರಬಂಧದ ಕೆಲಸ, ಕೊನೆಯಲ್ಲಿ ಮೌಖಿಕ ಪರೀಕ್ಷೆ. ಭಾಷೆಗಳು ಮೊದಲೇ ಕೈವಶವಾಗಿರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹೊರದೇಶದವರಿಗೆ ಶುಲ್ಕ ದುಬಾರಿ, ಪೂರ್ಣ ವಿದ್ಯಾರ್ಥಿವೇತನಕ್ಕೆ ಪೈಪೋಟಿ ತೀವ್ರ. ಎಲ್ಲಿಯಾದರೂ ಸರಿ, ಹಣದ ವ್ಯವಸ್ಥೆ ಇಲ್ಲದ ಪ್ರವೇಶಪತ್ರವನ್ನು ಒಪ್ಪಿಕೊಳ್ಳಬೇಡಿ. ಈ ವಿದ್ಯೆಗಾಗಿ ಸಾಲ ಮಾಡಿದರೆ ತೀರಿಸುವಂಥ ಸಂಬಳ ಬೇಗ ಬರುವುದಿಲ್ಲ.

ಕೆಲಸದ ವಿಷಯಕ್ಕೆ ಬಂದೆ. ಸಿಹಿ ಮಾತು ಹೇಳಿ ಪ್ರಯೋಜನವಿಲ್ಲ: 2008ರ ಆರ್ಥಿಕ ಕುಸಿತದ ನಂತರ ಇಂಗ್ಲಿಷ್ ಮತ್ತು ಇತರ ಭಾಷಾ ವಿಭಾಗಗಳ ಖಾಯಂ ಹುದ್ದೆಗಳು ಕುಗ್ಗಿದವು, ಮತ್ತೆ ಹಿಂದಿನ ಮಟ್ಟಕ್ಕೆ ಬರಲೇ ಇಲ್ಲ. ಎರಡೂ ದೇಶಗಳಲ್ಲಿ ಯುರೋಪಿಯನ್ ಭಾಷಾ ವಿಭಾಗಗಳು ಮುಚ್ಚುತ್ತಿವೆ ಅಥವಾ ಒಂದರೊಳಗೊಂದು ವಿಲೀನವಾಗುತ್ತಿವೆ. ಇದರ ಮೇಲೆ, 'ರಿನೈಸಾನ್ಸ್ ಅನುವಾದದ ಪ್ರಾಧ್ಯಾಪಕರು ಬೇಕಾಗಿದ್ದಾರೆ' ಎಂಬ ಜಾಹೀರಾತು ನೀವು ಕಾಣುವುದು ಅಪರೂಪ. ಹುದ್ದೆಗಳು ಈ ಕಾಲವನ್ನೆಲ್ಲ ಒಳಗೊಳ್ಳುವ 'ಆರಂಭಿಕ ಆಧುನಿಕ ಸಾಹಿತ್ಯ' ಎಂಬ ಹೆಸರಿನಲ್ಲಿ ಬರುತ್ತವೆ. ಷೇಕ್ಸ್‌ಪಿಯರ್, ಮಿಲ್ಟನ್, ಕಾವ್ಯ ಪರಿಚಯ, ಜೊತೆಗೆ ಮೊದಲ ವರ್ಷದವರ ಪ್ರಬಂಧ ಬರವಣಿಗೆ, ಎಲ್ಲವನ್ನೂ ಪಾಠ ಮಾಡಬಲ್ಲವರು ಅವರಿಗೆ ಬೇಕು. ಆದ್ದರಿಂದ ಪ್ರಬಂಧದ ವಿಷಯ ಎಷ್ಟೇ ಕಿರಿದಾಗಿರಲಿ, ಪಾಠ ಮಾಡುವ ವ್ಯಾಪ್ತಿ ಅಗಲವಾಗಿರಬೇಕು. ಇಲ್ಲಿ ನಿಮ್ಮ ನಾಲ್ಕು ವರ್ಷದ ಅಧ್ಯಾಪನ ಕೈ ಹಿಡಿಯುತ್ತದೆ. ಅನುವಾದ ಅಧ್ಯಯನ ಎಂಬ ಹೆಸರಿನ ವಿಭಾಗಗಳ ಒಲವು ಬಹುಪಾಲು ಇಂದಿನ ಅನುವಾದ, ದುಭಾಷಿ ತರಬೇತಿ, ತಂತ್ರಾಂಶಗಳ ಕಡೆಗಿರುತ್ತದೆ. ಹೆಸರು ನೋಡಿ ಅಲ್ಲಿಗೆ ಅರ್ಜಿ ಹಾಕುವ ಮುನ್ನ ಯಾರು ಏನು ಬರೆದಿದ್ದಾರೆ ಎಂದು ನೋಡಿಕೊಳ್ಳಿ.

ನೀವೇ ಅನುವಾದ ಮಾಡುವ ಆಸೆಯನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಒಂದು ಮಾತು. ಅಮೆರಿಕದಲ್ಲಿ ಆರನೆಯ ವರ್ಷದ ಆಸುಪಾಸಿನಲ್ಲಿ ಖಾಯಮಾತಿಯ ತೀರ್ಮಾನವಾಗುವಾಗ ಹೆಚ್ಚಿನ ಕಡೆ ಎಣಿಕೆಗೆ ಬರುವುದು ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂದ ನಿಮ್ಮ ಸ್ವಂತ ಸಂಶೋಧನಾ ಗ್ರಂಥ. ಅನುವಾದವನ್ನೂ ವಿದ್ವತ್ತಿನ ಕೆಲಸವಾಗಿ ಪರಿಗಣಿಸಬೇಕು ಎಂದು ಅಲ್ಲಿನ ಭಾಷಾ ಸಾಹಿತ್ಯ ವಿದ್ವಾಂಸರ ಸಂಘವಾದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ 2011ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೂ ಕಾಗದದ ಮೇಲಿನದು ಸಮಿತಿಯ ಕೋಣೆಯೊಳಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಅನುವಾದದ ಚರಿತ್ರೆ ಬರೆಯುವವರನ್ನು ಗೌರವಿಸಿ, ಅನುವಾದ ಮಾಡುವವರಿಗೆ 'ಇದನ್ನು ಬಿಡುವಿನಲ್ಲಿ ಮಾಡಿ' ಎನ್ನುವ ವೃತ್ತಿ ನಮ್ಮದು. ಇದು ನನಗೆ ಇಂದಿಗೂ ಸಮ್ಮತವಲ್ಲ. ಆದರೆ ಮೊದಲ ಪುಸ್ತಕ ಬರುವ ತನಕ ನೀವು ಅದಕ್ಕೆ ತಲೆಬಾಗುವುದೇ ಕ್ಷೇಮ.

ಪ್ರಾಧ್ಯಾಪಕ ಹುದ್ದೆ ಸಿಗದಿದ್ದರೆ ಏನು ಎಂಬುದನ್ನು ಪ್ರವೇಶಕ್ಕೆ ಮೊದಲೇ ಯೋಚಿಸಿ. ಅಪರೂಪದ ಪುಸ್ತಕಗಳ ಸೂಚೀಕರಣ, ಗ್ರಂಥಾಲಯದ ಸಂಗ್ರಹಪಾಲನೆ, ವಿದ್ವತ್ ಪ್ರಕಾಶನದ ಸಂಪಾದನೆ, ಡಿಜಿಟಲ್ ಪಠ್ಯ ಯೋಜನೆಗಳು, ಇವೆಲ್ಲ ನಮ್ಮ ವಿದ್ಯಾರ್ಥಿಗಳು ಹೋಗಿ ನೆಲೆಯಾದ ಕಡೆಗಳು. ಹಳೆಯ ಕೈಬರಹ ಓದಬಲ್ಲ, ಎರಡು ಮೂರು ಭಾಷೆ ಬಲ್ಲ, ಹಳೆಯ ಪುಸ್ತಕದ ಹೊಲಿಗೆ ನೋಡಿ ಹಾಳೆ ತಪ್ಪಿದ್ದನ್ನು ಹಿಡಿಯಬಲ್ಲವರಿಗೆ ಅಲ್ಲಿ ಬೆಲೆಯಿದೆ. ಪಿಎಚ್.ಡಿ. ನಡುವೆ ವಾಷಿಂಗ್ಟನ್ನಿನ ಫೋಲ್ಜರ್, ಷಿಕಾಗೋದ ನ್ಯೂಬೆರಿ, ಕ್ಯಾಲಿಫೋರ್ನಿಯದ ಹಂಟಿಂಗ್ಟನ್ ಗ್ರಂಥಾಲಯಗಳು ಕೊಡುವ ಅಲ್ಪಾವಧಿ ಸಹಾಯಧನಕ್ಕೆ ಅರ್ಜಿ ಹಾಕುತ್ತಿರಿ. ಪುಸ್ತಕದ ಜೊತೆಗೆ ಅಲ್ಲಿನ ಗ್ರಂಥಪಾಲಕರ ಪರಿಚಯವೂ ಆಗುತ್ತದೆ, ಮತ್ತು ಮುಂದೆ ಕೆಲಸ ಹುಡುಕುವಾಗ ನಿಮ್ಮ ಹೆಸರು ನೆನಪಿಟ್ಟುಕೊಳ್ಳುವವರು ಹೆಚ್ಚಾಗಿ ಅವರೇ.

ಈಗ ಕೂಡಲೇ ಮಾಡಬೇಕಾದದ್ದು. ಒಂದು ಭಾಷೆ ಆರಿಸಿ ಆರಂಭಿಸಿ. ಒಬ್ಬ ಅನುವಾದಕ, ಒಂದು ಅಧ್ಯಾಯ, ಅದರ ಮೂಲ, ಇಷ್ಟನ್ನೇ ಇಟ್ಟುಕೊಂಡು ಇಪ್ಪತ್ತು ಪುಟದ ಲೇಖನ ಬರೆಯಿರಿ. ಅರ್ಜಿಯೊಡನೆ ಕಳುಹಿಸುವ ಬರವಣಿಗೆಯ ಮಾದರಿ ಅದೇ ಆಗಲಿ. ಆಮೇಲೆ ಮಾರ್ಗದರ್ಶಕರಾಗಬಹುದಾದ ನಾಲ್ಕೈದು ಜನರಿಗೆ ಪತ್ರ ಬರೆಯಿರಿ. ಖ್ಯಾತಿಗಿಂತ ಅವರ ಹಿಂದಿನ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡಿ ಹೆಸರು ಆರಿಸಿ. ಪತ್ರ ಹದಿನೈದು ಸಾಲು ದಾಟಬಾರದು: ನೀವು ಯಾರು, ಯಾವ ಪಠ್ಯ, ಏನು ಪ್ರಶ್ನೆ, ಭಾಷೆ ಎಲ್ಲಿಯವರೆಗೆ ಬಂದಿದೆ. 'ಬಾಲ್ಯದಿಂದಲೂ ಷೇಕ್ಸ್‌ಪಿಯರ್ ಎಂದರೆ ಪ್ರಾಣ' ಎಂಬ ವಾಕ್ಯ ಬರೆದಿದ್ದರೆ ಅಳಿಸಿಬಿಡಿ. ಅಮೆರಿಕದ ಅರ್ಜಿ ಗಡುವುಗಳು ಸಾಮಾನ್ಯವಾಗಿ ಡಿಸೆಂಬರ್ ಮತ್ತು ಜನವರಿಯ ಆರಂಭದಲ್ಲಿರುತ್ತವೆ. ಪತ್ರ ಸೆಪ್ಟೆಂಬರ್‌ನಲ್ಲೇ ಹೋಗಲಿ. ನವೆಂಬರ್ ಹೊತ್ತಿಗೆ ಅವರ ಮೇಜಿನ ಮೇಲೆ ಶಿಫಾರಸು ಪತ್ರಗಳ ರಾಶಿ ಬಿದ್ದಿರುತ್ತದೆ, ಯಾರೂ ಸಾವಧಾನವಾಗಿ ಓದುವುದಿಲ್ಲ.